ಕ್ಲೈಮ್ಯಾಕ್ಸ್ ಬದಲಾದರೆ ಗೀಳು ಪ್ರೀತಿಯಾಗುತ್ತಾ?

2013ರಲ್ಲಿ ಬಂದ ಹಿಂದಿಯ 'ರಾಂಝಣಾ' ಚಿತ್ರದ ಕೊನೆಯಲ್ಲಿ ನಾಯಕ ಕುಂದನ್ ಸಾಯುತ್ತಾನೆ. 12 ವರ್ಷ ಆದ ಮೇಲೆ, 2025ರ ಆಗಸ್ಟ್ 1ರಂದು, ಅದೇ ಚಿತ್ರದ ತಮಿಳು ರೂಪ 'ಅಂಬಿಕಾಪತಿ' ಮತ್ತೆ ಥಿಯೇಟರಿಗೆ ಬಂತು. ಈ ಸಲ ಕುಂದನ್ ಸಾಯಲಿಲ್ಲ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ. ಅದಕ್ಕಾಗಿ ಯಾವ ನಟರೂ ಹೋಗಿ ಕ್ಯಾಮೆರಾ ಮುಂದೆ ನಿಂತಿರಲಿಲ್ಲ. ಕೊನೆಯ ಭಾಗವನ್ನು ಎಐ ಬಳಸಿ ಬದಲಿಸಲಾಗಿತ್ತು.

ನಿರ್ದೇಶಕ ಆನಂದ್ ಎಲ್. ರೈ ಇದನ್ನು ಬಲವಾಗಿ ವಿರೋಧಿಸಿದರು. ಇದು ತಾನು ಒಪ್ಪಿ ಮಾಡಿದ ಸಿನಿಮಾ ಅಲ್ಲವೇ ಅಲ್ಲ, ಚಿತ್ರದ ಆತ್ಮವನ್ನೇ ಕಿತ್ತುಹಾಕಿದ್ದಾರೆ ಎಂದರು ನಾಯಕ ನಟ ಧನುಷ್. ಚಿತ್ರದ ಹಕ್ಕು ನಮ್ಮದು, ಕಥೆಯನ್ನು ಹೊಸ ರೀತಿಯಲ್ಲಿ ತೋರಿಸಿದ್ದೇವೆ ಅಷ್ಟೇ ಎಂದಿತು ನಿರ್ಮಾಣ ಸಂಸ್ಥೆ ಈರೋಸ್.

ಸುದ್ದಿ ಓದಿದವರಿಗೆ ಗೊಂದಲ ಆಗುವುದು ಸಹಜ. ಸತ್ತ ಹೀರೋ ಬದುಕಿದರೆ ಯಾರಿಗೇನು ನಷ್ಟ? ನೋಡುವವರಿಗೆ ಖುಷಿಯೇ ಅಲ್ವಾ? ಈ ಗಲಾಟೆ ಬರೀ ಎಐ ಬಗ್ಗೆಯಾ, ಹಕ್ಕಿನ ಬಗ್ಗೆಯಾ, ಕಥೆಯ ಬಗ್ಗೆಯಾ? ಮೂರೂ ಹೌದು. ಮೊದಲ ಎರಡರ ಬಗ್ಗೆ ಬೇಕಾದಷ್ಟು ಚರ್ಚೆ ಆಗಿದೆ. ಮೂರನೆಯದು ಹಿಂದೆ ಸರಿದಿದೆ. ಪ್ರೀತಿ ಗೀಳಾಗಿ, ಗೀಳು ಪ್ರಾಣಕ್ಕೇ ಬರುವ ಕಥೆಗಳಲ್ಲಿ ಕೊನೆಯ ಕೆಲವು ನಿಮಿಷಕ್ಕೆ ಎಷ್ಟು ತೂಕ ಇದೆ ಅನ್ನುವುದೇ ಆ ಮೂರನೆಯ ಪ್ರಶ್ನೆ.

ಹಕ್ಕು ಯಾರದು

ಇದನ್ನು ಬೇಗ ಹೇಳಿ ಮುಗಿಸಬಹುದು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಕಣ್ಣಲ್ಲಿ ಸಿನಿಮಾದ ಕರ್ತೃ ಅಂದರೆ ನಿರ್ಮಾಪಕ, ನಿರ್ದೇಶಕ ಅಲ್ಲ. ಕೃತಿಯನ್ನು ತಿರುಚಿ ಕರ್ತೃವಿನ ಗೌರವಕ್ಕೆ ಧಕ್ಕೆ ತಂದರೆ ತಡೆಯುವ ಹಕ್ಕನ್ನು ಇದೇ ಕಾಯ್ದೆಯ 57ನೇ ಕಲಂ ಕೊಡುತ್ತದೆ. ಆದರೆ ಆ ಹಕ್ಕು ಕರ್ತೃವಿನದು. ಚಿತ್ರವನ್ನು ಶಾಟ್ ಶಾಟ್ ಆಗಿ ಕಟ್ಟಿದವರೇ ಕಾನೂನಿನ ಪ್ರಕಾರ ಅದರ ಕರ್ತೃ ಅಲ್ಲ. ಹಾಗಾಗಿ ನಿರ್ದೇಶಕರ ಸಿಟ್ಟು ಎಷ್ಟೇ ನ್ಯಾಯವಾದರೂ ಅವರ ಕೈ ಕಟ್ಟಿದಂತಿದೆ.

ಆ ಸಾವಿನಲ್ಲಿ ಏನಿತ್ತು

ಕುಂದನ್ ಶಾಲೆಯ ದಿನಗಳಿಂದ ಝೋಯಾಳ ಹಿಂದೆ ಬಿದ್ದವನು. ಅವಳು ಕೆನ್ನೆಗೆ ಬಾರಿಸಿದರೂ ಬಿಡುವುದಿಲ್ಲ. ಅವಳ ಬಾಯಿಂದ ಒಪ್ಪಿಗೆ ಬರಲಿ ಎಂದು ಕೈಯ ನರ ಕೊಯ್ದುಕೊಳ್ಳುತ್ತಾನೆ. ವರ್ಷಗಳು ಕಳೆದ ಮೇಲೆ ಅವಳು ಬೇರೊಬ್ಬನನ್ನು ಮದುವೆಯಾಗಲು ಹೊರಟಾಗ, ವರನ ಗುಟ್ಟನ್ನು ಮದುವೆಯ ದಿನ ಬಯಲು ಮಾಡುತ್ತಾನೆ. ವರ ಏಟು ತಿನ್ನುತ್ತಾನೆ, ಆಮೇಲೆ ಸಾಯುತ್ತಾನೆ. ಕೊನೆಗೆ ಕುಂದನ್‌ನ ಕೊಲೆಗೆ ನಡೆದ ಸಂಚು ಝೋಯಾಗೂ ಗೊತ್ತಿರುತ್ತದೆ. ಅವನಿಗೂ ಗೊತ್ತಿರುತ್ತದೆ. ಗೊತ್ತಿದ್ದೇ ಹೋಗುತ್ತಾನೆ.

ಅಂದರೆ ಆ ಸಾವು ಸುಮ್ನೆ ಅಳಿಸಲು ಇಟ್ಟ ದುರಂತ ಅಲ್ಲ. ಅದು ಕಥೆಯ ಲೆಕ್ಕ. ಅವನ ಹಠಕ್ಕೆ ಒಬ್ಬ ಸತ್ತ, ಒಬ್ಬಳ ಬದುಕು ಮುರಿಯಿತು. ಅದರ ಬೆಲೆಯನ್ನು ಅವನು ತೆರುತ್ತಾನೆ. ಅವನನ್ನು ಬದುಕಿಸಿದ ಕೂಡಲೇ ಆ ಲೆಕ್ಕದಲ್ಲಿ ಒಂದು ಕಡೆ ಅಳಿಸಿಹೋಗುತ್ತದೆ. ಸತ್ತ ವರ ಮಾತ್ರ ಸತ್ತೇ ಇರುತ್ತಾನೆ.

ಇದು ಒಂದು ವಾದ. ಇದಕ್ಕೆ ಎದುರು ವಾದವೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಮೂಲ ಚಿತ್ರ ಆ ಸಾವನ್ನು ಶಿಕ್ಷೆ ಅಂತ ತೋರಿಸಿತ್ತಾ? ಇಲ್ಲ. ಅದನ್ನು ತ್ಯಾಗ ಮಾಡಿ ತೋರಿಸಿತ್ತು. ಸಾಯುವ ಹೊತ್ತಿನ ಮಾತೆಲ್ಲ ಕುಂದನ್‌ನದೇ. ಕಣ್ಣೀರು ಅವನಿಗೇ. ಹೀಗಾಗಿ ಹಳೆಯ ಕೊನೆಯೂ ಅವನ ಪರ, ಹೊಸ ಕೊನೆಯೂ ಅವನ ಪರ.

ಇಲ್ಲೊಂದು ಗಮನಿಸಬೇಕಾದ ತಾಳೆ ಇದೆ. ಹೆಣ್ಣನ್ನು ಹಿಂಬಾಲಿಸುವುದು ಭಾರತದಲ್ಲಿ ಪ್ರತ್ಯೇಕ ಅಪರಾಧವಾಗಿದ್ದು ಅದೇ 2013ರಲ್ಲಿ, ಚಿತ್ರ ಬರುವ ಕೆಲವೇ ತಿಂಗಳ ಹಿಂದೆ. ದಂಡಸಂಹಿತೆಗೆ 354ಡಿ ಕಲಂ ಸೇರಿತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ. ಆಸಕ್ತಿ ಇಲ್ಲ ಎಂದು ಹೆಣ್ಣು ಸ್ಪಷ್ಟವಾಗಿ ತೋರಿಸಿದ ಮೇಲೂ ಮತ್ತೆ ಮತ್ತೆ ಹಿಂದೆ ಬಿದ್ದರೆ, ಮಾತಾಡಿಸಲು ಯತ್ನಿಸಿದರೆ, ಇಂಟರ್ನೆಟ್‌ನಲ್ಲಿ ಅವಳ ಮೇಲೆ ಕಣ್ಣಿಟ್ಟರೆ ಅಪರಾಧ. ಮೊದಲ ಸಲಕ್ಕೆ 3 ವರ್ಷದವರೆಗೆ ಜೈಲು, ಮರುಕಳಿಸಿದರೆ 5 ವರ್ಷದವರೆಗೆ.

ಕಾನೂನು ಇಲ್ಲಿ ಏನು ಕೇಳುತ್ತದೆ, ಏನು ಕೇಳುವುದಿಲ್ಲ ನೋಡಿ. ಅವಳು ಬೇಡ ಅಂದಳಾ? ಆಮೇಲೂ ಇವನು ಬಿಡಲಿಲ್ಲವಾ? ಇಷ್ಟು ಸಾಕು. ಇವನ ಪ್ರೀತಿ ಎಷ್ಟು ಆಳ, ಎಷ್ಟು ನಿಜ ಎಂದು ಅದು ಕೇಳುವುದೇ ಇಲ್ಲ. ಸಿನಿಮಾ ಹೆಚ್ಚು ಸಲ ಆ ಕೊನೆಯ ಪ್ರಶ್ನೆಯನ್ನು ಮಾತ್ರ ಕೇಳುತ್ತದೆ.

1987ರಲ್ಲೂ ಹೀಗೇ ಆಗಿತ್ತು

ಎಐ ಹೊಸದು. ಗೀಳಿನ ಕಥೆಯ ಕೊನೆ ಬದಲಿಸುವುದು ಹಳೆಯದು. ಇದಕ್ಕೆ ದೊಡ್ಡ ಉದಾಹರಣೆ ಆಡ್ರಿಯನ್ ಲೈನ್ ನಿರ್ದೇಶಿಸಿದ 'ಫೇಟಲ್ ಅಟ್ರಾಕ್ಷನ್'.

ಮದುವೆಯಾದ ವಕೀಲ ಡ್ಯಾನ್, ಹೆಂಡತಿ ಊರಲ್ಲಿಲ್ಲದ ವಾರಾಂತ್ಯ ಅಲೆಕ್ಸ್ ಎಂಬಾಕೆಯ ಜೊತೆ ಕಳೆಯುತ್ತಾನೆ. ಅವನಿಗೆ ಅದು ಅಲ್ಲಿಗೇ ಮುಗಿದ ಮಾತು. ಅವಳಿಗೆ ಅಲ್ಲ. ಫೋನು ಶುರುವಾಗುತ್ತದೆ. ಆಮೇಲೆ ಮನೆಯ ಹತ್ತಿರ ಬರುತ್ತಾಳೆ. ಕೊನೆಗೆ ಅವನ ಮಗಳ ಸಾಕುಮೊಲ ಒಲೆಯ ಮೇಲಿನ ಪಾತ್ರೆಯಲ್ಲಿ ಕುದಿಯುತ್ತಿರುತ್ತದೆ. ಡ್ಯಾನ್ ಪೊಲೀಸರ ಹತ್ತಿರ ಹೋಗಿ, ನನ್ನ ಕಕ್ಷಿದಾರನೊಬ್ಬನಿಗೆ ಹೀಗಾಗಿದೆ ಎಂದು ಸುಳ್ಳು ಹೇಳಿ ಸಹಾಯ ಕೇಳುತ್ತಾನೆ. ಏನೂ ಮಾಡಲಾಗದು ಎಂಬ ಉತ್ತರ ಬರುತ್ತದೆ. ಇದು ಕಥೆಗಾಗಿ ಕಟ್ಟಿದ ಮಾತಲ್ಲ. ಅಮೆರಿಕದಲ್ಲಿ ಹಿಂಬಾಲಿಸುವುದರ ವಿರುದ್ಧ ಮೊದಲ ಕಾಯ್ದೆ ಬಂದಿದ್ದೇ 1990ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಅದಕ್ಕೂ ಹಿಂದಿನ ವರ್ಷ ಯುವ ನಟಿಯೊಬ್ಬಳನ್ನು ಗೀಳು ಹತ್ತಿದ ಅಭಿಮಾನಿಯೊಬ್ಬ ಅವಳ ಮನೆ ಬಾಗಿಲಲ್ಲೇ ಗುಂಡಿಕ್ಕಿ ಕೊಂದಿದ್ದ.

ಮೊದಲು ಚಿತ್ರೀಕರಿಸಿದ ಕೊನೆಯಲ್ಲಿ ಅಲೆಕ್ಸ್ ಚಾಕುವಿನಿಂದ ತನ್ನ ಪ್ರಾಣ ತಾನೇ ತೆಗೆದುಕೊಳ್ಳುತ್ತಾಳೆ. ಆ ಚಾಕುವಿನ ಮೇಲೆ ಡ್ಯಾನ್‌ನ ಬೆರಳಚ್ಚು ಇರುತ್ತದೆ. ಪೊಲೀಸರು ಅವನನ್ನು ಹಿಡಿಯುತ್ತಾರೆ. ಪರೀಕ್ಷೆಗೆಂದು ಪ್ರೇಕ್ಷಕರಿಗೆ ತೋರಿಸಿದಾಗ ಅವರಿಗೆ ಇದು ಹಿಡಿಸಲಿಲ್ಲ. ಅವಳ ಮೇಲೆ ಅಷ್ಟು ಸಿಟ್ಟು ಬಂದಿತ್ತು. ಅವಳು ತಾನಾಗಿ ಸತ್ತರೆ ಆ ಸಿಟ್ಟು ತೀರುತ್ತಿರಲಿಲ್ಲ. ಹಾಗಾಗಿ ಹೊಸ ಕೊನೆ ಬಂತು. ಅಲೆಕ್ಸ್ ಚಾಕು ಹಿಡಿದು ಮನೆಗೆ ನುಗ್ಗುತ್ತಾಳೆ. ಡ್ಯಾನ್ ಅವಳನ್ನು ಸ್ನಾನದ ತೊಟ್ಟಿಯಲ್ಲಿ ಮುಳುಗಿಸುತ್ತಾನೆ. ಸತ್ತಳು ಅಂದುಕೊಂಡಾಗ ಧಡಕ್ಕನೆ ಎದ್ದು ಬರುತ್ತಾಳೆ. ಹೆಂಡತಿ ಗುಂಡು ಹೊಡೆಯುತ್ತಾಳೆ. ಸಂಸಾರ ಉಳಿಯುತ್ತದೆ.

ಅಲೆಕ್ಸ್ ಪಾತ್ರ ಮಾಡಿದ ಗ್ಲೆನ್ ಕ್ಲೋಸ್ ಇದನ್ನು ಪಟ್ಟು ಹಿಡಿದು ವಿರೋಧಿಸಿದರು. ಪಾತ್ರಕ್ಕಾಗಿ ಅವರು ಮನೋವೈದ್ಯರನ್ನು ಕಂಡು ಮಾತಾಡಿದ್ದರು. ಅವರ ಲೆಕ್ಕದಲ್ಲಿ ಅಲೆಕ್ಸ್ ಸಹಾಯ ಬೇಕಾದ ಹೆಣ್ಣು. ಹೊಸ ಕೊನೆ ಅವಳನ್ನು ರಾಕ್ಷಸಿ ಮಾಡಿತು. ಕೊನೆಗೆ ಒಪ್ಪಿ ನಟಿಸಿದರು. ಚಿತ್ರ ಭಾರಿ ಹಣ ಮಾಡಿತು, 6 ಆಸ್ಕರ್ ನಾಮನಿರ್ದೇಶನ ಪಡೆಯಿತು. ಹಣದ ಲೆಕ್ಕದಲ್ಲಿ ಬದಲಿಸಿದವರು ಗೆದ್ದರು ಅನ್ನುವುದನ್ನು ಒಪ್ಪಲೇಬೇಕು.

ಆದರೆ ಅದೇ ಚಿತ್ರದ ನಡುವೆ ಒಂದು ಚಿಕ್ಕ ದೃಶ್ಯ ಉಳಿದುಕೊಂಡಿದೆ. ಅಲೆಕ್ಸ್ ಒಬ್ಬಳೇ ಮನೆಯಲ್ಲಿ ನೆಲದ ಮೇಲೆ ಕೂತಿದ್ದಾಳೆ. 'ಮದಾಮ ಬಟರ್‌ಫ್ಲೈ' ಒಪೆರಾ ಕೇಳಿಸುತ್ತಿದೆ. ಬಿಟ್ಟುಹೋದ ಗಂಡಿಗಾಗಿ ಕಾದು ಕಾದು ಸಾಯುವ ಹೆಣ್ಣಿನ ಕಥೆ ಅದು. ಪಕ್ಕದಲ್ಲೊಂದು ದೀಪ. ಅವಳ ಕೈ ಅದರ ಸ್ವಿಚ್ಚಿನ ಮೇಲೆ. ಹಾಕುತ್ತಾಳೆ, ಆರಿಸುತ್ತಾಳೆ. ಮತ್ತೆ ಹಾಕುತ್ತಾಳೆ, ಮತ್ತೆ ಆರಿಸುತ್ತಾಳೆ. ಮುಖದ ಮೇಲೆ ಬೆಳಕು ಬಂದು ಹೋಗುತ್ತದೆ. ಆ ಹೊತ್ತಿನಲ್ಲಿ ಡ್ಯಾನ್ ತನ್ನವರ ಜೊತೆ ನಗುತ್ತಾ ಕಾಲ ಕಳೆಯುತ್ತಿದ್ದಾನೆ. ಇಡೀ ಚಿತ್ರ ಡ್ಯಾನ್ ಕಣ್ಣಿಂದ ನೋಡಿಸಿದರೂ ಇಲ್ಲಿ ಕೆಲವು ಕ್ಷಣ ನಾವು ಅವಳ ಹತ್ತಿರ ಕೂರುತ್ತೇವೆ. ಅವಳು ಮಾಡುವುದು ಸರಿ ಅಂತ ಅನ್ನಿಸುವುದಿಲ್ಲ. ಆದರೆ ಅವಳು ದೆವ್ವ ಅಲ್ಲ, ಒಳಗೆ ಏನೋ ಕಡಿದುಹೋಗಿರುವ ಮನುಷ್ಯಳು ಎಂದು ಗೊತ್ತಾಗುತ್ತದೆ. ಕೊನೆ ಬದಲಿಸಿದವರಿಗೂ ಆ ದೃಶ್ಯವನ್ನು ಅಳಿಸಲಾಗಲಿಲ್ಲ.

ಸತ್ತೂ ಗೆದ್ದವನು

ಹಾಗಾದರೆ ಬೆನ್ನು ಬಿದ್ದವನಿಗೆ ಕೊನೆಯಲ್ಲಿ ತಕ್ಕ ಶಾಸ್ತಿ ಆದರೆ ಸಾಕಾ? 1993ರ 'ಡರ್' ಈ ಪ್ರಶ್ನೆಗೆ ಒಳ್ಳೆಯ ಪರೀಕ್ಷೆ. ಯಶ್ ಚೋಪ್ರಾ ನಿರ್ದೇಶನ. ಶಾರುಖ್ ಖಾನ್ ಮಾಡಿದ ರಾಹುಲ್, ಕಿರಣ್ ಎಂಬ ಹುಡುಗಿಗೆ ಕಾಣದಂತೆ ಕಾಟ ಕೊಡುತ್ತಾನೆ. ಫೋನ್ ಮಾಡುತ್ತಾನೆ, ಎದೆಯ ಮೇಲೆ ಅವಳ ಹೆಸರು ಕೊರೆದುಕೊಳ್ಳುತ್ತಾನೆ. ಅವಳಿಗೆ ಅವನು ಬೇಡ. ಅವಳು ಪ್ರೀತಿಸುವುದು ಸನ್ನಿ ಡಿಯೋಲ್ ಮಾಡಿದ ಸುನಿಲ್‌ನನ್ನು. ಕೊನೆಗೆ ಸುನಿಲ್ ಕೈಯಲ್ಲಿ ರಾಹುಲ್ ಸಾಯುತ್ತಾನೆ. ಕಾಗದದ ಮೇಲೆ ಎಲ್ಲವೂ ಸರಿಯಾಗಿದೆ.

ಥಿಯೇಟರಿನಿಂದ ಹೊರಗೆ ಬಂದವರ ಬಾಯಲ್ಲಿ ಉಳಿದಿದ್ದು ಮಾತ್ರ ರಾಹುಲ್ ತೊದಲುತ್ತಾ ಕಿರಣ್ ಹೆಸರು ಕರೆಯುವ ರೀತಿ. ಮಿಮಿಕ್ರಿ ಮಾಡುವವರೆಲ್ಲ ಅದನ್ನೇ ಹಿಡಿದರು. ವಿಲನ್‌ಗೆ ಇಷ್ಟು ಮೆರುಗು ಕೊಟ್ಟಿದ್ದರ ಬಗ್ಗೆ ಸನ್ನಿ ಡಿಯೋಲ್ ಬಹಿರಂಗವಾಗಿಯೇ ಬೇಸರ ಹೇಳಿಕೊಂಡರು. 2000ದಲ್ಲಿ ಇದೇ ಕಥೆ ಕನ್ನಡದಲ್ಲಿ 'ಪ್ರೀತ್ಸೆ' ಆಯಿತು. ಶಿವರಾಜಕುಮಾರ್ ಹೀರೋ, ಬೆನ್ನು ಬೀಳುವವನ ಪಾತ್ರಕ್ಕೆ ಉಪೇಂದ್ರ. ಹೆಸರಲ್ಲೇ ವ್ಯತ್ಯಾಸ ಕೇಳಿಸುತ್ತದೆ. 'ಡರ್' ಅಂದರೆ ಭಯ, ಅದು ಅವಳ ಕಡೆಯ ಮಾತು. 'ಪ್ರೀತ್ಸೆ' ಅನ್ನುವುದು ಬೆನ್ನು ಬಿದ್ದವನ ಬೇಡಿಕೆ.

ಕಾರಣ ಏನು? 'ಡರ್'ನ ಬಲು ಇಂಪಾದ ಪ್ರೇಮಗೀತೆ ಹಾಡುವುದು ರಾಹುಲ್. ಅವನ ಒಂಟಿತನ ತೆರೆಯ ಮೇಲಿದೆ. ಸತ್ತ ತಾಯಿಯ ಜೊತೆ ಫೋನಲ್ಲಿ ಮಾತಾಡುವ ದೃಶ್ಯ ಅವನಿಗಿದೆ. ಕಿರಣ್‌ಗೆ ಇರುವುದು ಬೆದರುವ ಕೆಲಸ ಮಾತ್ರ. ಎರಡೂವರೆ ಗಂಟೆ ಒಬ್ಬನ ಎದೆಬಡಿತ ಕೇಳಿಸಿ, ಕೊನೆಯ 5 ನಿಮಿಷದಲ್ಲಿ ಅವನು ಕೆಟ್ಟವನು ಅಂದರೆ ಮನಸ್ಸು ಒಪ್ಪುವುದಿಲ್ಲ. ಇದಕ್ಕೆ ನಮ್ಮ ಮಾತೂ ನೆರವಾಗುತ್ತದೆ. 'ಅವಳಂದ್ರೆ ಅವನಿಗೆ ಹುಚ್ಚು' ಅನ್ನುವುದನ್ನು ಮೆಚ್ಚುಗೆಯಾಗಿ ಹೇಳುತ್ತೇವೆ. ಅದೇ 'ಗೀಳು' ಅಂದರೆ ಕಾಯಿಲೆ. ಎರಡಕ್ಕೂ ನಡುವೆ ಗೆರೆ ಎಳೆಯುವುದು ಅವನ ಭಾವನೆಯ ತೀವ್ರತೆ ಅಲ್ಲ, ಅವಳ 'ಬೇಡ'. ಸಿನಿಮಾದಲ್ಲಿ ಆ 'ಬೇಡ' ಎಷ್ಟು ಜೋರಾಗಿ ಕೇಳಿಸುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಕ್ಯಾಮೆರಾ ಯಾರ ಪಕ್ಕ ನಿಂತಿದೆ

ಇದನ್ನು ತುಂಬ ಚೆನ್ನಾಗಿ ಮಾಡಿ ತೋರಿಸಿದ ಚಿತ್ರ 1958ರಷ್ಟು ಹಳೆಯದು. ಆಲ್ಫ್ರೆಡ್ ಹಿಚ್‌ಕಾಕ್‌ನ 'ವರ್ಟಿಗೊ'. ಸ್ಕಾಟಿ ಎಂಬ ಮಾಜಿ ಪತ್ತೇದಾರ ಮ್ಯಾಡಲಿನ್ ಎಂಬ ಹೆಂಗಸನ್ನು ಹಿಂಬಾಲಿಸುತ್ತಾನೆ, ಅವಳಲ್ಲಿ ಮುಳುಗುತ್ತಾನೆ. ಅವಳು ಅವನ ಕಣ್ಣೆದುರೇ ಸಾಯುತ್ತಾಳೆ. ಆಮೇಲೆ ಅವಳನ್ನೇ ಹೋಲುವ ಜೂಡಿ ಸಿಗುತ್ತಾಳೆ. ಅಲ್ಲಿಯವರೆಗೆ ನಾವು ಸ್ಕಾಟಿ ಕಣ್ಣಲ್ಲೇ ನೋಡಿರುತ್ತೇವೆ. ಥಟ್ಟನೆ ಹಿಚ್‌ಕಾಕ್ ನಮ್ಮನ್ನು ಜೂಡಿಯ ಕೋಣೆಯಲ್ಲಿ ಬಿಡುತ್ತಾರೆ. ಅವಳು ಕಾಗದ ಬರೆಯುತ್ತಾಳೆ, ಹರಿದುಹಾಕುತ್ತಾಳೆ. ಆ ಮ್ಯಾಡಲಿನ್ ಆಗಿ ನಟಿಸಿದ್ದು ತಾನೇ ಅನ್ನುವ ಗುಟ್ಟು ಸ್ಕಾಟಿಗೆ ತಿಳಿಯುವ ಮೊದಲೇ ನಮಗೆ ತಿಳಿಯುತ್ತದೆ.

ಅಲ್ಲಿಂದ ಮುಂದೆ ಅದೇ ಗೀಳು ಬೇರೆಯೇ ಥರ ಕಾಣುತ್ತದೆ. ಸ್ಕಾಟಿ ಅವಳಿಗೆ ಸತ್ತವಳ ಥರದ್ದೇ ಬೂದು ಬಣ್ಣದ ಸೂಟ್ ಹುಡುಕುತ್ತಾನೆ. ಕೂದಲಿಗೆ ಅದೇ ಬಣ್ಣ ಹಾಕಿಸುತ್ತಾನೆ. ಅವಳು ವಾಪಸ್ ಬಂದಾಗ ಎಲ್ಲ ಸರಿ ಇದೆ, ಆದರೆ ಕೂದಲನ್ನು ಹಿಂದಕ್ಕೆ ಕಟ್ಟಿಲ್ಲ. ಅವನಿಗೆ ಅದೂ ಬೇಕು. ಅವಳು ಸೋತು ಒಳಗೆ ಹೋಗಿ ಕಟ್ಟಿಕೊಂಡು ಬರುತ್ತಾಳೆ. ಅವನ ಮುಖ ಅರಳುತ್ತದೆ. ನಮ್ಮ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಅವನು ಒಂದು ಏಟೂ ಹೊಡೆದಿಲ್ಲ, ಕೂಗಾಡಿಯೂ ಇಲ್ಲ. ಎದುರಿಗಿರುವ ಹೆಣ್ಣನ್ನು ಅಳಿಸಿ ತನಗೆ ಬೇಕಾದವಳನ್ನು ಬರೆದುಕೊಂಡಿದ್ದಾನೆ. ಇದು ನಮಗೆ ಕಾಣುವುದು ಜೂಡಿಯ ಕೋಣೆಗೆ ಹೋಗಿ ಬಂದಿದ್ದರಿಂದ.

ಇದಕ್ಕೆ ತದ್ವಿರುದ್ಧ ದಾರಿ ಹಿಡಿದಿದ್ದು 2018ರಲ್ಲಿ ಶುರುವಾದ 'ಯೂ' ಸರಣಿ. ಅಲ್ಲಿ ಕೊಲೆಗಾರ ಜೋನ ಮನಸ್ಸಿನ ಮಾತೇ ಉದ್ದಕ್ಕೂ ಕೇಳಿಸುತ್ತದೆ. ಪ್ರೇಮಿಯ ಹಾಗೆ ಮಾತಾಡುವವನು ಎಂಥ ಅಪಾಯ ಅಂತ ಒಳಗಿಂದ ತೋರಿಸುವುದು ಉದ್ದೇಶ. ಆದರೂ ಎಷ್ಟೋ ಜನ ಜೋ ಮೇಲೆ ಮನಸ್ಸಾಗಿದೆ ಎಂದು ಬರೆದರು. ಪಾತ್ರ ಮಾಡಿದ ಪೆನ್ ಬ್ಯಾಡ್ಗ್ಲಿ ಟ್ವಿಟರ್‌ನಲ್ಲಿ ಒಬ್ಬೊಬ್ಬರಿಗೂ ಉತ್ತರ ಕೊಡುತ್ತಾ, ಅವನು ಕೊಲೆಗಾರ ಎಂದು ನೆನಪಿಸಬೇಕಾಯಿತು. ಉದ್ದೇಶ ಒಳ್ಳೆಯದಿದ್ದರೆ ಸಾಲದು. ಕಿವಿಯಲ್ಲಿ ಸದಾ ಯಾರ ದನಿ ಇರುತ್ತದೋ ಅವರ ಕಡೆ ಮನಸ್ಸು ವಾಲುತ್ತದೆ.

ಸಿನಿಮಾ ನೋಡಿ ಯಾರಾದರೂ ಹೀಗೆ ಮಾಡ್ತಾರಾ

ಇಲ್ಲಿ ಎರಡು ಪಾಳಯ ಇದೆ. ಸಿನಿಮಾ ಸಮಾಜದ ಕನ್ನಡಿ, ಇರುವುದನ್ನೇ ತೋರಿಸುತ್ತದೆ ಅನ್ನುವುದು ಒಂದು. ಹುಡುಗರಿಗೆ ಇದನ್ನೆಲ್ಲ ಕಲಿಸುವುದೇ ಸಿನಿಮಾ ಅನ್ನುವುದು ಇನ್ನೊಂದು. ಎರಡೂ ಪೂರ್ತಿ ನಿಜ ಅಲ್ಲ.

2015ರಲ್ಲಿ ಆಸ್ಟ್ರೇಲಿಯಾದ ಹೋಬಾರ್ಟ್ ನ್ಯಾಯಾಲಯದಲ್ಲಿ ಒಂದು ವಿಚಿತ್ರ ವಾದ ಕೇಳಿಬಂತು. ಇಬ್ಬರು ಹೆಂಗಸರನ್ನು ಹಿಂಬಾಲಿಸಿ ಕಾಡಿದ ಭಾರತ ಮೂಲದವನ ವಕೀಲರು, ತಮ್ಮ ಕಕ್ಷಿದಾರ ಬಾಲಿವುಡ್ ಸಿನಿಮಾ ನೋಡಿ ಬೆಳೆದವನು, ಬಿಡದೆ ಹಿಂದೆ ಬಿದ್ದರೆ ಹೆಣ್ಣು ಒಲಿಯುತ್ತಾಳೆ ಎಂದು ನಂಬಿದವನು ಎಂದರು. ಅವನು ಜೈಲಿಗೆ ಹೋಗದೆ ಪಾರಾದ. ಇಂಥ ವಾದ ಅಪಾಯಕಾರಿ. ಅದೇ ಸಿನಿಮಾಗಳನ್ನು ನೋಡಿ ಬೆಳೆದ ಕೋಟಿಗಟ್ಟಲೆ ಜನ ಯಾರ ಹಿಂದೆಯೂ ಬೀಳುವುದಿಲ್ಲ. ತಪ್ಪನ್ನು ತೆರೆಯ ಮೇಲೆ ಹೊರಿಸಿದರೆ ತಪ್ಪು ಮಾಡಿದವನು ಹಗುರಾಗುತ್ತಾನೆ.

ಹಾಗಂತ ಪ್ರಭಾವವೇ ಇಲ್ಲ ಅನ್ನುವಂತಿಲ್ಲ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಜೂಲಿಯಾ ಲಿಪ್‌ಮನ್ ಒಂದು ಪ್ರಯೋಗ ಮಾಡಿದರು. ಹೆಣ್ಣುಮಕ್ಕಳ ಗುಂಪುಗಳಿಗೆ ಬೇರೆ ಬೇರೆ ಚಿತ್ರ ತೋರಿಸಿದರು. ಕೆಲವರಿಗೆ ಬೆನ್ನು ಬೀಳುವುದನ್ನು ತಮಾಷೆ, ಪ್ರೇಮ ಎಂದು ತೋರಿಸುವ ಚಿತ್ರ. ಕೆಲವರಿಗೆ ಅದನ್ನೇ ಭಯಾನಕವಾಗಿ ತೋರಿಸುವ ಥ್ರಿಲ್ಲರ್. ಇನ್ನು ಕೆಲವರಿಗೆ ಹಕ್ಕಿ, ಪೆಂಗ್ವಿನ್‌ಗಳ ಸಾಕ್ಷ್ಯಚಿತ್ರ. ಥ್ರಿಲ್ಲರ್ ನೋಡಿದವರು ಹಿಂಬಾಲಿಸುವುದನ್ನು ಹಗುರವಾಗಿ ನೋಡುವ ನಂಬಿಕೆಗಳನ್ನು ಕಡಿಮೆ ಒಪ್ಪಿದರು. ಪ್ರೇಮದ ಬಣ್ಣ ಹಚ್ಚಿದ ಚಿತ್ರ ನೋಡಿದವರಲ್ಲಿ, ಅದನ್ನು ನಿಜದಂತೆ ಅನುಭವಿಸಿದವರು ಅಂಥ ನಂಬಿಕೆಗಳನ್ನು ಜಾಸ್ತಿ ಒಪ್ಪಿದರು.

ಇದರ ಅರ್ಥ ಸೂಕ್ಷ್ಮ. ಸಿನಿಮಾ ಒಬ್ಬನನ್ನು ಅಪರಾಧಿ ಮಾಡುತ್ತದೆ ಎಂದು ಇದು ಹೇಳುತ್ತಿಲ್ಲ. ಕಾಟ ಅನುಭವಿಸುವವಳ ತೀರ್ಪನ್ನೇ ಸಿನಿಮಾ ಮಸುಕು ಮಾಡಬಹುದು ಎನ್ನುತ್ತದೆ. 'ಪಾಪ, ಅವನು ಕೆಟ್ಟವನಲ್ಲ, ತುಂಬ ಪ್ರೀತಿಸ್ತಾನೆ ಅಷ್ಟೇ' ಅಂತ ಅವಳಿಗೇ ಅನ್ನಿಸಬಹುದು. ಅವಳು ದೂರು ಕೊಡಲು ಹೊರಟರೆ ಸುತ್ತಲಿನವರೂ ಅದನ್ನೇ ಹೇಳಬಹುದು. ಬೆನ್ನು ಬೀಳುವವರಲ್ಲಿ ಹೆಚ್ಚಿನವರು ಗುರುತಿನವರೇ, ಎಷ್ಟೋ ಸಲ ಮಾಜಿ ಸಂಗಾತಿಯೇ. ಹಾಗಾಗಿ ಈ ಅನುಮಾನದ ಲಾಭ ಅವರಿಗೆ ಸುಲಭವಾಗಿ ಸಿಗುತ್ತದೆ.

ಇನ್ನೊಂದು ಓರೆ ಇದೆ. ನಿಜ ಬದುಕಿನಲ್ಲಿ ಹೀಗೆ ಕಾಡುವವರಲ್ಲಿ ಗಂಡಸರೇ ಜಾಸ್ತಿ. ಆದರೆ ಹಾಲಿವುಡ್‌ನ ಹಲವು ಹೆಸರಾಂತ ಗೀಳಿನ ಥ್ರಿಲ್ಲರ್‌ಗಳಲ್ಲಿ ಕಾಡುವವಳು ಹೆಣ್ಣು. ಕ್ಲಿಂಟ್ ಈಸ್ಟ್‌ವುಡ್ 1971ರಲ್ಲಿ ನಿರ್ದೇಶಿಸಿದ ಮೊದಲ ಚಿತ್ರ 'ಪ್ಲೇ ಮಿಸ್ಟಿ ಫಾರ್ ಮಿ'ಯಲ್ಲೂ ಅಷ್ಟೇ. ಬಿಡದೆ ಹಿಂದೆ ಬೀಳುವವನು ಗಂಡಾದರೆ ಕಥೆ ಸುಲಭವಾಗಿ ಪ್ರೇಮಕಥೆಯತ್ತ ಜಾರುತ್ತದೆ. ಹೆಣ್ಣಾದರೆ ಹಾರರ್ ಕಡೆಗೆ. ನಡತೆ ಒಂದೇ, ಖಾನೆ ಬೇರೆ.

ಮುಂದೇನಾಗಬಹುದು

1987ರಲ್ಲಿ ಕೊನೆ ಬದಲಿಸಲು ಕಲಾವಿದರನ್ನು ಮತ್ತೆ ಕರೆಸಬೇಕಿತ್ತು. ಗ್ಲೆನ್ ಕ್ಲೋಸ್‌ಗೆ ಜಗಳ ಆಡಲು ಅವಕಾಶವಾದರೂ ಸಿಕ್ಕಿತು. ಎಐ ಬಂದ ಮೇಲೆ ಯಾರನ್ನೂ ಕರೆಸಬೇಕಿಲ್ಲ, ಯಾರನ್ನೂ ಕೇಳಬೇಕಿಲ್ಲ. ನಟನ ಮುಖ ಇದೆ, ದನಿ ಇದೆ, ಹಕ್ಕುಪತ್ರ ಇದೆ. ಹಾಗಾಗಿ ಒಂದೇ ಚಿತ್ರಕ್ಕೆ ಭಾಷೆಗೊಂದು, ಮಾರುಕಟ್ಟೆಗೊಂದು ಕೊನೆ ಬರುವುದು ಕಷ್ಟವೇನಲ್ಲ. ನಟರು, ನಿರ್ದೇಶಕರು ಒಪ್ಪಂದದಲ್ಲೇ ಇದಕ್ಕೆ ತಡೆ ಹಾಕಿಸಿಕೊಳ್ಳಲು ನೋಡುತ್ತಾರೆ. ಹಳೆಯ ಒಪ್ಪಂದಗಳ ಚಿತ್ರಗಳಿಗೆ ಆ ರಕ್ಷಣೆ ಇರುವುದಿಲ್ಲ.

ಯಾವ ಕೊನೆಗೆ ಬೇಡಿಕೆ ಇರುತ್ತದೆ ಅನ್ನುವುದನ್ನು ಊಹಿಸಬಹುದು. ಹೀರೋ ಬದುಕುವ ಕೊನೆ, ಹುಡುಗಿ ಒಪ್ಪುವ ಕೊನೆ. ಗೀಳಿನ ಕಥೆಗಳಿಗೆ ಇದರಿಂದ ಆಗುವ ಹಾನಿ ಉಳಿದವಕ್ಕಿಂತ ಜಾಸ್ತಿ. ಯಾಕೆಂದರೆ ಹಠಕ್ಕೆ ಬೆಲೆ ತೆರಬೇಕಾಗುತ್ತದೆ ಎಂದು ಹೇಳಲು ಇಂಥ ಎಷ್ಟೋ ಚಿತ್ರಗಳಿಗೆ ಇದ್ದ ಒಂದೇ ಜಾಗ ಆ ಕೊನೆ.

ಇನ್ನು ರೀಲ್ಸ್. ಅಲ್ಲಿ ಕೊನೆಯೇ ಇರುವುದಿಲ್ಲ. ಸಿನಿಮಾದ 30 ಸೆಕೆಂಡ್ ತುಣುಕು ಬರುತ್ತದೆ. ಮಳೆಯಲ್ಲಿ ಕಾಯುವ ಹುಡುಗ, ಹಿಂತಿರುಗಿ ನೋಡದ ಹುಡುಗಿ, ಮೇಲೊಂದು ಹಾಡು. ಆ ಹುಡುಗ ಮುಂದೆ ಏನು ಮಾಡಿದ, ಆ ಹುಡುಗಿಗೆ ಏನಾಯಿತು ಎಂಬುದು ತುಣುಕಿನಲ್ಲಿ ಬರುವುದಿಲ್ಲ. ಉಳಿಯುವುದು ಕ್ಯಾಮೆರಾ ಯಾರ ಪಕ್ಕ ನಿಂತಿತ್ತು ಅನ್ನುವುದಷ್ಟೇ.

'ರಾಂಝಣಾ'ದ ಕಥೆಯನ್ನು ಹೇಳುವವನು ಕುಂದನ್. ಮೊದಲಿಂದ ಕೊನೆವರೆಗೆ ಅವನ ದನಿ. ಅವನನ್ನು ಬದುಕಿಸಲು ಎಐಗೆ ಕೊನೆಯ ಕೆಲವು ನಿಮಿಷ ಸಾಕಾಯಿತು. ಝೋಯಾಗೆ ಈ ಹುಡುಗನ ಹಠ ಹೇಗನ್ನಿಸಿತು, ಶಾಲೆಯ ದಾರಿಯಲ್ಲಿ, ಮದುವೆಯ ದಿನ, ವರನ ಹೆಣದ ಮುಂದೆ, ಅದನ್ನು ಅವಳ ಕಡೆಯಿಂದ ತೋರಿಸಬೇಕು ಅಂದರೆ ಮೊದಲ ದೃಶ್ಯದಿಂದಲೇ ಬೇರೆ ಸಿನಿಮಾ ಮಾಡಬೇಕಾಗುತ್ತದೆ.